ಮೊದಲೇ ತಿಳಿಸುವ ನಿಯಮ

ಸೊಣ್ಣಪ್ಪನಕುಂಟೆ, ಮೇಲೂರು ಅಂಚೆ
8 ಜುಲೈ 2024

ವೆಂಕಟರತ್ನಮ್ಮ ಮೇಡಂ ಅವರಿಗೆ,

ಜೈಭೀಮ್. ನಿಮ್ಮ ಕಿವಿಗೆ ಫೋನು ಹತ್ತುವುದಿಲ್ಲ, ಬೆರಳಿಗೆ ವಾಟ್ಸಾಪು ಹತ್ತುವುದಿಲ್ಲ. ಹಾಗಾಗಿ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಇನ್ನೂ ಇನ್‌ಲ್ಯಾಂಡ್ ಲೆಟರ್ ಕೊಳ್ಳುವ ಹುಡುಗಿ ನಾನೊಬ್ಬಳೇ ಎಂದು ಪೋಸ್ಟ್‌ಮ್ಯಾನ್ ಅಣಕಿಸುತ್ತಾರೆ. ಅಣಕಿಸಲಿ ಬಿಡಿ.

ಗೌರಿಬಿದನೂರಿನ ನಿಮ್ಮ ಅಹಿಂಸೆಯ ತರಗತಿಯಲ್ಲಿ ಕಲಿತದ್ದನ್ನು ನಮ್ಮೂರಿನ ಅಂಬೇಡ್ಕರ್ ಭವನದಲ್ಲಿ ಪ್ರತಿ ಭಾನುವಾರ ಮಾಡಿಸುತ್ತಿದ್ದೇನೆ ಎಂದು ಹಿಂದೆಯೇ ಬರೆದಿದ್ದೆ. ಇಷ್ಟು ದಿನ ಮಾತೇ ಹೆಚ್ಚಾಗಿತ್ತು. ಈಗ ಒಂದು ಕೆಲಸ ಹಿಡಿದಿದ್ದೇವೆ. ನಮ್ಮೂರಲ್ಲಿರುವುದು ಒಂದೇ ಕಟಿಂಗ್ ಶಾಪು, ಗಂಗುಲಪ್ಪನದು. ನಮ್ಮ ಕೇರಿಯವರು ಅಲ್ಲಿಗೆ ಹೋದರೆ ಅವನು "ಬ್ಲೇಡಿಲ್ಲ, ಕರೆಂಟಿಲ್ಲ, ಜ್ವರ" ಅನ್ನುತ್ತಾನೆ. ಪಾಪ, ಅವನದೇನು ತಪ್ಪು. ಅಂಗಡಿ ಇರುವುದು ನಿಮ್ಮ ತಮ್ಮ ಚನ್ನಕೇಶವಗೌಡರ ಕಟ್ಟಡದಲ್ಲಿ. ನಮ್ಮವರಿಗೆ ಕತ್ತರಿ ಹಿಡಿದ ದಿನವೇ ಬೀಗ ಎಂದು ಅವರು ಹೇಳಿಟ್ಟಿದ್ದಾರೆ. ಅದಕ್ಕೇ ನಮ್ಮ ಗಂಡಸರೆಲ್ಲ ಕೂದಲು ಕತ್ತರಿಸಿಕೊಳ್ಳಲು ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಹೋಗುತ್ತಾರೆ.

ಇನ್ನು ಹೋಗುವುದಿಲ್ಲ. ಆಗಸ್ಟ್ 4ರ ಭಾನುವಾರ ನಮ್ಮವರು ಗಂಗುಲಪ್ಪನ ಅಂಗಡಿಗೆ ಹೋಗಿ ಕೂರುತ್ತಾರೆ. ಬೈದರೆ ಬೈಸಿಕೊಳ್ಳುವುದು, ಹೊಡೆದರೆ ಹೊಡೆಸಿಕೊಳ್ಳುವುದು, ಏಳುವುದಿಲ್ಲ, ಕೈ ಎತ್ತುವುದಿಲ್ಲ. ಕುರ್ಚಿಯಲ್ಲಿ ಕೂರುವವರು ಆವುಲಪ್ಪ ತಾತ. ಬೆಂಚಿನ ಮೇಲೆ ನನ್ನ ತಮ್ಮ ಜಗನ್ ಮತ್ತು ಇನ್ನಿಬ್ಬರು. ಜಗನ್ ಬಗ್ಗೆ ನನಗೆ ಧೈರ್ಯವಿಲ್ಲ. ಅವನಿಗೆ ಕೋಪ ಮೂಗಿನ ತುದಿಯಲ್ಲಿ. ಅವನೊಂದು ಏಟು ತಿರುಗಿಸಿ ಹೊಡೆದರೆ ಎಲ್ಲಾ ಮುಗಿದುಹೋಗುತ್ತೆ, ಅವನ ಬದುಕೂ ಸೇರಿ.

ನೀವು ಹೇಳಿಕೊಟ್ಟಂತೆ ನಾಟಕ ಮಾಡಿ ಅಭ್ಯಾಸ ಮಾಡುತ್ತಿದ್ದೇವೆ. ಒಬ್ಬರು ಗೌಡರಾಗಬೇಕು, ಬಾಯಿಗೆ ಬಂದಂತೆ ಬೈಯಬೇಕು. ಆವುಲಪ್ಪ ತಾತನಿಗೆ ಆ ಪಾತ್ರ ಕೊಟ್ಟರೆ ನಾಲಿಗೆಯೇ ಹೊರಳುವುದಿಲ್ಲ. "ಅವರ ಹೆಸರಲ್ಲಿ ಹೆಂಗಮ್ಮ ಬೈಯ್ಲಿ, ಸುಳ್ಳುಸುಳ್ಳಿಗಾದ್ರೂ" ಎಂದು ನಿಂತುಬಿಡುತ್ತಾರೆ. ಗೌಡರ ಹಿಪ್ಪುನೇರಳೆ ತೋಟವನ್ನು ಅವರು ವಾರಕ್ಕೆ, ಬೆಳೆಯಲ್ಲಿ ಪಾಲು ಕೊಟ್ಟು, ಮಾಡುತ್ತಾರೆ, ಅದು ನಿಮಗೆ ಗೊತ್ತೇ ಇದೆ.

ನೀವು ಕಲಿಸಿದ ನಿಯಮದಂತೆ ನಿಮ್ಮ ತಮ್ಮನವರಿಗೆ ಮೊದಲೇ ತಿಳಿಸುವ ವಿಚಾರ ಇದೆಯಲ್ಲ, ಅದನ್ನು ಆಮೇಲೆ ಮಾತಾಡೋಣ.

ನಿಮ್ಮ,
ಸಂಘಮಿತ್ರ


ಗೌರಿಬಿದನೂರು
12 ಜುಲೈ 2024

ಚಿ. ಸಂಘಮಿತ್ರಳಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಎರಡು ಸಲ ಓದಿ ನಮ್ಮೆಜಮಾನರಿಗೂ ಓದಿ ಹೇಳಿದೆ. ಅವರು "ನಿನ್ನ ಶಿಷ್ಯೆ ನಿನ್ನ ತವರಿಗೇ ಬೆಂಕಿ ಇಡ್ತಾವ್ಳೆ" ಎಂದರು. ನಾನು "ಬೆಂಕಿಯಲ್ಲ ಕಣ್ರೀ, ದೀಪ" ಎಂದೆ. ಇಷ್ಟು ವರ್ಷ ಮಕ್ಕಳನ್ನು ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ಬಾವುಟಕ್ಕಾಗಿ ಗುಂಡು ತಿಂದವರ ಕಥೆ ಹೇಳಿ ಹೇಳಿ ನನಗೇ ಬೇಸರ ಬಂದಿತ್ತು. ಕಥೆ ಕೇಳಿದವರು ನೂರಾರು ಜನ. ಮಾಡಲು ಹೊರಟವಳು ನೀನು. ಅದೂ ನಾನು ಹುಟ್ಟಿದ ಊರಲ್ಲಿ. ಹೆಮ್ಮೆಯಾಗಿದೆ, ಭಯವೂ ಆಗಿದೆ, ಎರಡನ್ನೂ ಮುಚ್ಚಿಡುವುದಿಲ್ಲ.

ಚನ್ನಕೇಶವ ನನಗಿಂತ ಹನ್ನೊಂದು ವರ್ಷ ಚಿಕ್ಕವನು, ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗ. ಕೆಟ್ಟವನಲ್ಲ, ಹಠಮಾರಿ. ಎದುರಾಳಿಗೆ ಒಳ್ಳೆಯವನಾಗಲು ಒಂದು ಅವಕಾಶ ಕೊಡಬೇಕು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆನಲ್ಲ, ಅದು ಅವನಿಗೂ ಸಲ್ಲುತ್ತದೆ.

ಜಗನ್‌ನನ್ನು ಕೈಬಿಡಬೇಡ. ಕೋಪವಿಲ್ಲದವನಿಗೆ ಈ ಅಭ್ಯಾಸ ಯಾತಕ್ಕೆ? ಹೊಡೆಯುವ ತಾಕತ್ತಿದ್ದವನು ಕೂತರೆ ತಾನೇ ಅದು ಕೂತಂತೆ. ಬೆಂಚನ್ನು ಎರಡೂ ಕೈಯಿಂದ ಹಿಡಿದುಕೊಳ್ಳಲು ಹೇಳು. ಕೈಗೆ ಒಂದು ಕೆಲಸವಿದ್ದರೆ ಅದು ಮೇಲೇಳುವುದಿಲ್ಲ.

ತಿಳಿಸುವ ವಿಚಾರದಲ್ಲಿ ನಿನಗೆ ಸಂಕೋಚವೆಂದು ಅರ್ಥವಾಯಿತು. ಅವರ ಮನೆ ಬಾಗಿಲಿಗೆ ನೀನು ಹೋಗಿ ನಿಲ್ಲುವುದು ಕಷ್ಟವೇ. ಅದರ ಚಿಂತೆ ಬಿಡು.

ಹೊಟ್ಟೆ ತುಂಬ ಊಟ ಮಾಡು. ಹೋದ ಸಲ ಬಂದಾಗ ಕಡ್ಡಿಯಾಗಿದ್ದೆ.

ಇಂತಿ,
ವೆಂಕಟರತ್ನಮ್ಮ


ಸೊಣ್ಣಪ್ಪನಕುಂಟೆ
22 ಜುಲೈ 2024

ಮೇಡಂ ಅವರಿಗೆ,

ಜೈಭೀಮ್. "ಅದರ ಚಿಂತೆ ಬಿಡು" ಎಂದು ಬರೆದಿರಲ್ಲ, ಆ ಸಾಲು ಓದಿ ಎದೆ ಮೇಲಿನ ಕಲ್ಲು ಇಳಿಸಿದಂತಾಯಿತು. ನೀವು ನಿಯಮ ನಿಯಮ ಅನ್ನುವವರು, ಒಪ್ಪುವುದಿಲ್ಲವೇನೋ ಎಂದುಕೊಂಡಿದ್ದೆ.

ನಿನ್ನೆಯ ಅಭ್ಯಾಸದ ವಿಷಯ ಬರೆಯಬೇಕು. ಆವುಲಪ್ಪ ತಾತನ ಹೆಂಡತಿ ಮುನಿಶಾಮಮ್ಮಜ್ಜಿ ಮೂಲೆಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ತಾತ ಎಂದಿನಂತೆ ಗೌಡರ ಪಾತ್ರಕ್ಕೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದಾಗ ಅಜ್ಜಿ ತಲೆಯೆತ್ತದೆ ಹೇಳಿದರು: "ಅವತ್ತು ಸೊಪ್ಪಿನ ಹೊರೆ ಜಗಲಿಗೆ ತಗುಲ್ತು ಅಂತ ಏನಂದ್ರು ನಿನ್ನ? ಅದನ್ನೇ ಅನ್ನು. ಹೊಸದಾಗಿ ಏನು ಹುಟ್ಟಿಸ್ಬೇಡ."

ತಾತ ಕೆರೆಯುತ್ತಿದ್ದ ಕೈ ಇಳಿಸಿದರು. ಆಮೇಲೆ ಹೆಗಲ ಮೇಲಿನ ಟವೆಲು ಕೊಡವಿ ನಡು ನೆಟ್ಟಗೆ ಮಾಡಿದರು. ಬೈಗುಳ ತೆಲುಗಿನಲ್ಲಿ ಬಂತು. ಗೌಡರು ಕೋಪ ಬಂದರೆ ತೆಲುಗಿಗೆ ತಿರುಗುತ್ತಾರಲ್ಲ, ಹಾಗೆಯೇ. "ಏಮಿರಾ, ಎಕ್ಕಡ ಕೂರ್ಚುನ್ನಾವು? ಲೆಯ್ ರಾ, ಲೆಯ್." ಎಲ್ಲಿ ಕೂತಿದೀಯೋ, ಏಳೋ ಎನ್ನುವಲ್ಲಿಗೆ ನಿಲ್ಲಲಿಲ್ಲ. ಮುಂದಿನದನ್ನು ನಾನು ಕಾಗದದಲ್ಲಿ ಬರೆಯಲಾರೆ. ತಾಯಿ, ಅಜ್ಜಿ, ಹೊಟ್ಟೆಯೊಳಗಿನ ಮಗು, ಯಾರನ್ನೂ ಬಿಡಲಿಲ್ಲ. ಒಂದೊಂದು ಮಾತಿಗೂ ದಿನ, ಜಾಗ ಇದ್ದ ಹಾಗಿತ್ತು.  ಅಜ್ಜಿಯ ಅಡಿಕೆ ಕತ್ತರಿ ನಿಲ್ಲದೆ ಟಕ್ ಟಕ್ ಅನ್ನುತ್ತಿತ್ತು.

ಜಗನ್ ಬೆಂಚಿನಿಂದ ಎದ್ದು ತಾತನ ಕುತ್ತಿಗೆಪಟ್ಟಿ ಹಿಡಿದುಬಿಟ್ಟ. ತನ್ನ ಸ್ವಂತ ಅಜ್ಜನಂಥವರನ್ನು, ಗೌಡರೆಂದುಕೊಂಡು. ಬಿಡಿಸುವ ಹೊತ್ತಿಗೆ ಅಂಗಿಯ ಗುಂಡಿ ಕಿತ್ತು ಹೋಗಿತ್ತು. ಆಮೇಲೆ ಹೊರಗೆ ಹೋಗಿ ನಲ್ಲಿಯ ಕಟ್ಟೆ ಮೇಲೆ ಕೂತು ಅತ್ತ. "ನನ್ ಕೈಲಿ ಆಗಲ್ಲ ಅಕ್ಕಾ, ನನ್ನ ಬಿಟ್ಬಿಡು" ಅಂದ. ನನಗೂ ಬಿಟ್ಟುಬಿಡೋಣ ಅನ್ನಿಸಿತು. ಆದರೆ ತಾತ ಹೋಗಿ ಅವನ ಪಕ್ಕ ಕೂತು, "ನಾನು ಅಷ್ಟು ವರ್ಷ ಕೇಳಿಸ್ಕೊಂಡೆ, ನೀನು ಅಷ್ಟು ನಿಮಿಷ ಕೇಳಿಸ್ಕೊಳ್ಳಪ್ಪ, ಸಾಕು. ಬಾ, ಇನ್ನೊಂದ್ ಸಲ ಮಾಡಣ" ಎಂದರು. ಮೂರನೇ ಸಲಕ್ಕೆ ಜಗನ್ ಬೆಂಚು ಹಿಡಿದು ಕೂತ. ಏಳಲಿಲ್ಲ.

ಅವನು ಬರುತ್ತಾನೆ.

ನಿಮ್ಮ,
ಸಂಘಮಿತ್ರ


ಸೊಣ್ಣಪ್ಪನಕುಂಟೆ
5 ಆಗಸ್ಟ್ 2024

ಮೇಡಂ,

ನಿನ್ನೆ ಬೆಳಿಗ್ಗೆ ನಾವು ಹೋದಾಗ ಅಂಗಡಿಗೆ ಬೀಗ ಬಿದ್ದಿತ್ತು. ಗಂಗುಲಪ್ಪನನ್ನು ಎರಡು ದಿನ ಮೊದಲೇ ಚಿಂತಾಮಣಿಗೆ ಅವನ ಹೆಂಡತಿಯ ಊರಿಗೆ ಅಟ್ಟಿದ್ದಾರೆ. ಡೇರಿಯ ಹತ್ತಿರ ನಿಮ್ಮ ತಮ್ಮನವರು ನಿಂತು ಎಲ್ಲರೆದುರೂ ಹೇಳಿದರು: "ನಮ್ಮಕ್ಕನೇ ಬರೆದವ್ಳೆ. ಯಾರ್ಯಾರು ಬರ್ತಾರೆ, ಯಾವತ್ತು ಬರ್ತಾರೆ, ಎಲ್ಲಾ. ರಕ್ತ ರಕ್ತಾನೇ ಕಣ್ರಯ್ಯ."

ಆವುಲಪ್ಪ ತಾತನನ್ನು ತೋಟದಿಂದ ಬಿಡಿಸಿದ್ದಾರೆ. ಅವರ ಮನೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದಿದೆ. ಅದು ರೇಷ್ಮೆ ಹುಳ ಹಗಲೂ ರಾತ್ರಿ ಸೊಪ್ಪು ತಿನ್ನುವ ಹೊತ್ತೆಂದು ರೈತರ ಮಗಳಾದ ನಿಮಗೆ ನಾನು ಹೇಳಬೇಕಾಗಿಲ್ಲ. ಬೆಳೆಸಿದ್ದ ಸೊಪ್ಪು ಬೇಲಿಯಾಚೆ ಇದೆ, ಕೀಳುವ ಹಾಗಿಲ್ಲ. ನಾನು, ಜಗನ್, ಅಜ್ಜಿ ಊರೂರು ತಿರುಗಿ ಒಂದು ಹೊರೆ ತಂದೆವು. ಅದು ಯಾವ ಮೂಲೆಗೆ.

"ಅದರ ಚಿಂತೆ ಬಿಡು" ಎಂದರೆ ಇದಾ ಅರ್ಥ?

ಸಂಘಮಿತ್ರ


ಗೌರಿಬಿದನೂರು
9 ಆಗಸ್ಟ್ 2024

ಸಂಘಮಿತ್ರಳಿಗೆ,

ಹೌದು, ಬರೆದೆ. ದಿನ ಬರೆದೆ, ಹೆಸರೂ ಬರೆದೆ. "ಚನ್ನಾ, ಇವರು ನಿನ್ನ ಶತ್ರುಗಳಲ್ಲ, ಅಂಗಡಿ ಬಾಗಿಲು ತೆಗೆಸು, ಅಕ್ಕನ ಮಾನ ಉಳಿಸು" ಎಂದು ಬರೆದೆ. ಅದರಲ್ಲಿ ಕಳ್ಳತನವೇನೂ ಇಲ್ಲ. ಮೊದಲೇ ತಿಳಿಸಿ ಮಾಡಬೇಕು ಎನ್ನುವುದು ಈ ದಾರಿಯ ಮೊದಲ ನಿಯಮ. ನಿನಗೂ ಅದನ್ನೇ ಕಲಿಸಿದ್ದೆ. ಬಚ್ಚಿಟ್ಟುಕೊಂಡು ಹೋಗಿ ಕೂರುವುದಕ್ಕೂ ಹೊಂಚು ಹಾಕುವುದಕ್ಕೂ ಏನು ವ್ಯತ್ಯಾಸ? ನೀನು ತಿಳಿಸುವುದಿಲ್ಲವೆಂದು ತೀರ್ಮಾನಿಸಿದ್ದರೆ ನನಗೆ ನೇರವಾಗಿ ಹೇಳಬೇಕಿತ್ತು. "ಆಮೇಲೆ ಮಾತಾಡೋಣ" ಎಂದು ತಪ್ಪಿಸಿಕೊಂಡವಳು ನೀನು.

ಅವನು ತೋಟ ಬಿಡಿಸುತ್ತಾನೆಂದು ನಾನು ಎಣಿಸಿರಲಿಲ್ಲ. ಅವನಿಗೆ ಇನ್ನೊಂದು ಕಾಗದ ಬರೆದಿದ್ದೇನೆ. ಉತ್ತರ ಬಂದಿಲ್ಲ. ಹುಳಕ್ಕೆ ಸೊಪ್ಪು ಸಿಕ್ಕಿತೋ ಇಲ್ಲವೋ ತಿಳಿಸು.

ವೆಂಕಟರತ್ನಮ್ಮ


ಸೊಣ್ಣಪ್ಪನಕುಂಟೆ
28 ಆಗಸ್ಟ್ 2024

ಮೇಡಂ ಅವರಿಗೆ,

ಜೈಭೀಮ್. ಇಷ್ಟು ದಿನ ಬರೆಯಲಿಲ್ಲ. ಬರೆದಿದ್ದರೆ ಏನೇನೋ ಬರೆದುಬಿಡುತ್ತಿದ್ದೆ. ಈಗ ಸಿಟ್ಟು ಇಳಿದಿದೆ. ಪೂರ್ತಿ ಇಳಿದಿಲ್ಲ, ಪೆನ್ನು ಹಿಡಿಯುವಷ್ಟು ಇಳಿದಿದೆ.

ಹುಳದಲ್ಲಿ ಅರ್ಧಕ್ಕರ್ಧ ಹೋಯಿತು. ಉಳಿದದ್ದು ಗೂಡು ಕಟ್ಟಿತು.

ನೀವು ನಿಯಮದ ಮಾತು ಎತ್ತಿದಿರಿ. ನಿಯಮ ಸರಿ. ನಾನು ನಿಮಗೆ ನೇರವಾಗಿ ಹೇಳದಿದ್ದದ್ದು ತಪ್ಪು, ಒಪ್ಪಿದೆ. ನೀವು ಬೇಡ ಅನ್ನುತ್ತೀರೆಂದು ಭಯಪಟ್ಟೆ. ಆದರೆ ಮೇಡಂ, ಮೊದಲೇ ತಿಳಿಸುವ ಹಕ್ಕು ಯಾರದು? ಏಟು ಬೀಳುವ ಕೆನ್ನೆ ಯಾರದೋ ಅವರದು. ನೀವು ಗೌರಿಬಿದನೂರಿನಲ್ಲಿ ಕೂತು ನಿಮ್ಮ ತಮ್ಮನಿಗೆ ಒಳ್ಳೆಯವನಾಗಲು ಅವಕಾಶ ಕೊಟ್ಟಿರಿ. ಅದಕ್ಕೆ ಹುಳ ಕಳೆದುಕೊಂಡದ್ದು ಆವುಲಪ್ಪ ತಾತ. ಅವರನ್ನು ಒಂದು ಮಾತು ಕೇಳಿದಿರಾ? ನೀವು ಬರೆದದ್ದು ಅಕ್ಕ ತಮ್ಮನಿಗೆ. ನಮ್ಮ ಪರವಾಗಿ ಬರೆದಂತೆ ನಿಮಗೆ ಅನ್ನಿಸಿತು, ಅಷ್ಟೆ.

ಇದನ್ನೆಲ್ಲ ಭವನದಲ್ಲಿ ಎಲ್ಲರೆದುರು ಇಟ್ಟೆ. ಕೆಲವರು ಇನ್ನು ಯಾರಿಗೂ ಏನೂ ಹೇಳುವುದು ಬೇಡ, ನುಗ್ಗಿಬಿಡೋಣ ಎಂದರು. ಆವುಲಪ್ಪ ತಾತ ಒಪ್ಪಲಿಲ್ಲ. "ಇನ್ನೊಬ್ರು ನನ್ ಹೆಸರು ಹೇಳಿದ್ದಕ್ಕೆ ತೋಟ ಹೋಯ್ತು. ಈಗ ನನ್ ಹೆಸರು ನಾನೇ ಹೇಳಿ ಬರ್ತೀನಿ. ಕಳ್ಕೊಳ್ಳಕ್ಕೆ ಇನ್ನೇನಿದೆ" ಎಂದರು.

ಮಾರನೇ ದಿನ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಗೌಡರ ಮನೆ ಮುಂದೆ ಹೋಗಿ ನಿಂತರು. ಜೊತೆಗೆ ನಾವು ಯಾರೂ ಬರಬಾರದೆಂದು ತಾಕೀತು. ನಾನು ಬೀದಿಯ ತುದಿಯಿಂದ ನೋಡಿದೆ. ಗೌಡರು ಜಗಲಿಯ ಮೇಲೆ ಪೇಪರು ಓದುತ್ತಿದ್ದರು. ತಾತ ಮೊದಲಿನಂತೆ ಚಪ್ಪಲಿ ಕೈಯಲ್ಲಿ ಹಿಡಿದಿರಲಿಲ್ಲ, ಕಾಲಲ್ಲೇ ಇತ್ತು. "ಸೆಪ್ಟೆಂಬರ್ ಇಪ್ಪತ್ತೆರಡನೇ ತಾರೀಕು, ಭಾನುವಾರ, ಗಂಗುಲಪ್ಪನ ಅಂಗಡಿಗೆ ಬರ್ತೀನಿ ಗೌಡ್ರೇ. ನಾನು ಆವುಲಪ್ಪ. ಹೇಳೋಗಕ್ಕೆ ಬಂದೆ." ಅಷ್ಟೇ ಹೇಳಿ ತಿರುಗಿ ಬಂದರು. ಗೌಡರು ಪೇಪರು ಕೆಳಗಿಳಿಸಲಿಲ್ಲ.

ಅಂಗಡಿ ಈಗ ತೆರೆದಿದೆ. ಬೀಗ ಹಾಕಿದರೆ ಮೇಲಿನ ಬೀದಿಯವರೂ ಗಡ್ಡ ಬಿಡಬೇಕಲ್ಲ. ಗಣೇಶನ ಹಬ್ಬ ಬೇರೆ ಬರುತ್ತಿದೆ. ಅವರವರೇ ಗೊಣಗಿ ಗಂಗುಲಪ್ಪನನ್ನು ವಾಪಸ್ಸು ಕರೆಸಿದರು.

ಕೊನೆಯದಾಗಿ ಒಂದು ಮಾತು. ನೀವು ಅವತ್ತು ಬರುತ್ತೇನೆ ಅನ್ನುತ್ತೀರಿ, ನನಗೆ ಗೊತ್ತು. ಬರಬೇಡಿ. ನಿಮ್ಮನ್ನು ನೋಡಿ ಅವರು ಕೈ ಇಳಿಸಿದರೆ ಅದು ಅಕ್ಕನ ಮೇಲಿನ ಮರ್ಯಾದೆ ಆಗುತ್ತದೆ. ನಮಗೆ ಅದು ಬೇಡ.

ಸಂಘಮಿತ್ರ


ಗೌರಿಬಿದನೂರು
10 ಸೆಪ್ಟೆಂಬರ್ 2024

ಸಂಘಮಿತ್ರಳಿಗೆ,

ನಿನ್ನ ಕಾಗದ ಬಂದ ದಿನ ನಾನು ಬ್ಯಾಗು ತುಂಬಿ ಇಟ್ಟಿದ್ದೆ. ನಮ್ಮೆಜಮಾನರು ನಕ್ಕು, "ನಿನ್ ಶಿಷ್ಯೆ ನಿನಗಿಂತ ಚೆನ್ನಾಗಿ ನಿನ್ನ ಓದವ್ಳೆ" ಎಂದರು. ಅವರೊಡನೆ ಎರಡು ದಿನ ಮಾತು ಬಿಟ್ಟೆ.

ಕೇಳದೆ ಬರೆದದ್ದು ತಪ್ಪು. ಆವುಲಪ್ಪನವರಿಗೆ ಹೀಗೆಂದು ಹೇಳು. ಅವರೆದುರು ನಾನೇ ಹೇಳುವ ದಿನ ಬಂದರೆ ಹೇಳುತ್ತೇನೆ.

ಈ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಅರಿಶಿನ ಕುಂಕುಮ ಬರಲಿಲ್ಲ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿರಲಿಲ್ಲ. ಅಪ್ಪ ತೀರಿಕೊಂಡ ವರ್ಷವೂ ಚನ್ನಕೇಶವ ಬಸ್ಸಿನಲ್ಲಿ ಬಂದು ಸೀರೆ ಕೊಟ್ಟು ಹೋಗಿದ್ದ. ಬೆಳಿಗ್ಗೆಯಿಂದ ಬಾಗಿಲ ಕಡೆ ನೋಡುತ್ತಲೇ ಇದ್ದೆ. ಸಂಜೆ ಪಕ್ಕದ ಮನೆಯವಳು "ತವರಿಂದ ಏನು ಬಂತು ರತ್ನಮ್ಮ?" ಎಂದು ಕೇಳಿದಳು. ಕಿವಿ ಕೇಳಿಸದವಳಂತೆ ಒಳಗೆ ಬಂದೆ. ಇದನ್ನು ನಿನಗೆ ಯಾಕೆ ಬರೆಯುತ್ತೇನೆ ಅಂದರೆ, ಬೇರೆ ಯಾರಿಗೆ ಬರೆಯಲಿ.

ನಾನು ಬರುವುದಿಲ್ಲ. ಇಪ್ಪತ್ತೆರಡನೇ ತಾರೀಕು ಇಲ್ಲೇ ಕೂತಿರುತ್ತೇನೆ. ಇಷ್ಟು ವರ್ಷ ಕಲಿಸಿದ ಪಾಠದಲ್ಲಿ ಇಷ್ಟು ಕಷ್ಟದ್ದು ಯಾವುದೂ ಇರಲಿಲ್ಲ. ಮುಗಿದ ಕೂಡಲೇ ಬರೆ. ಏನೇ ಆಗಿರಲಿ, ಪೂರ್ತಿ ಬರೆ.

ವೆಂಕಟರತ್ನಮ್ಮ


ಸೊಣ್ಣಪ್ಪನಕುಂಟೆ
23 ಸೆಪ್ಟೆಂಬರ್ 2024

ಮೇಡಂ ಅವರಿಗೆ,

ಜೈಭೀಮ್. ಎಲ್ಲರೂ ಇದ್ದೇವೆ. ಅದನ್ನು ಮೊದಲು ಬರೆದುಬಿಡುತ್ತೇನೆ.

ನಾವು ಹೋದಾಗ ಅಂಗಡಿಯಲ್ಲಿ ಮೇಲಿನ ಬೀದಿಯ ನಾಲ್ಕೈದು ಜನ ಗಡ್ಡಕ್ಕೆ ಕಾಯುತ್ತಿದ್ದರು. ನಮ್ಮನ್ನು ನೋಡಿ ಗಂಗುಲಪ್ಪ ಕೈ ಮುಗಿದ. "ಬ್ಯಾಡ ಕಣ್ ಆವುಲಣ್ಣ, ನನ್ ಹೊಟ್ಟೆ ಮೇಲೆ ಹೊಡೀಬ್ಯಾಡ." ತಾತ ಆಗಷ್ಟೇ ಖಾಲಿಯಾದ ಕುರ್ಚಿಯಲ್ಲಿ ಕೂತರು. "ಹೇಳಿ ಬಂದಿದೀನಿ ಗಂಗುಲಪ್ಪ. ನೀನು ಮಾಡಿದ್ರೆ ಮಾಡು. ಮಾಡದಿದ್ರೆ ಸುಮ್ನೆ ಕೂತಿರ್ತೀನಿ." ಜಗನ್ ಮತ್ತಿಬ್ಬರು ಬೆಂಚಿನ ತುದಿಯಲ್ಲಿ ಕೂತರು. ನಾನೂ ಅಜ್ಜಿಯೂ ಬಾಗಿಲ ಹೊರಗೆ.

ನಿಮ್ಮ ತಮ್ಮನವರು ಬಂದರು. ಬಂದದ್ದೇ "ಲೆಯ್ ರಾ" ಎಂದು ಶುರುಮಾಡಿದರು. ಮೇಡಂ, ತಾತ ಅಭ್ಯಾಸದಲ್ಲಿ ಹೇಳಿದ ಮಾತುಗಳೇ, ಹೆಚ್ಚು ಕಡಿಮೆ ಅದೇ ಸಾಲಿನಲ್ಲಿ. ಜಗನ್ ಮುಖ ನೋಡಿದೆ. ಮುಂದಿನ ಮಾತು ಯಾವುದೆಂದು ಅವನಿಗೆ ಗೊತ್ತಿತ್ತು. ಗೊತ್ತಿರುವ ಬೈಗುಳಕ್ಕೆ ಅರ್ಧ ವಿಷ ಹೋಗಿರುತ್ತದೆ ಎಂದು ನಿನ್ನೆ ನನಗೆ ತಿಳಿಯಿತು.

ಮಾತು ನಾಟದಿದ್ದಾಗ ಕೈ ಎತ್ತಿದರು. ಜಗನ್ ಕೆನ್ನೆಗೆ ಬಾರಿಸಿದರು. ಅವನು ಬೆಂಚು ಹಿಡಿದೇ ಇದ್ದ. "ಕೂತಿದೀನಿ ಗೌಡ್ರೇ" ಅಂದ. ಇನ್ನೊಂದು ಬಿತ್ತು. ತುಟಿ ಒಡೆಯಿತು. ಅಜ್ಜಿ ನನ್ನ ರಟ್ಟೆಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಇವತ್ತು ನೀಲಿಗಟ್ಟಿದೆ. ಒಳಗೆ ನುಗ್ಗಿ ಅವರ ಕೈ ಕಚ್ಚಿಬಿಡಬೇಕು ಅನ್ನಿಸಿತು. ನಿಮ್ಮೆದುರು ಸುಳ್ಳು ಹೇಳಲಾರೆ, ಅಭ್ಯಾಸ ಮಾಡಿಸಿದವಳು ನಾನು, ಎಲ್ಲರಿಗಿಂತ ಮೊದಲು ಏಳುತ್ತಿದ್ದವಳೂ ನಾನೇ. ಅಜ್ಜಿ ಬಿಡಲಿಲ್ಲ.

ಆಮೇಲೆ ಗೌಡರು ಕುರ್ಚಿಯ ಕಡೆ ತಿರುಗಿದರು, ತಾತನನ್ನು ಎಳೆದು ಹಾಕಲು. ಆಗ ಗಂಗುಲಪ್ಪ ಏನು ಮಾಡಿದ ಗೊತ್ತೆ? ಬಿಳಿ ಬಟ್ಟೆ ಕೊಡವಿ ತಾತನ ಕುತ್ತಿಗೆಗೆ ಸುತ್ತಿದ, ಬ್ರಷ್ ತಿರುಗಿಸಿ ನೊರೆ ಬಳಿದ, ಕತ್ತಿ ಬಿಚ್ಚಿ ಗಂಟಲ ಮೇಲಿಟ್ಟ. "ಕತ್ತಿ ಕತ್ತಿನ ಮೇಲದೆ ಗೌಡ್ರೇ. ಕುರ್ಚಿ ಅಲ್ಲಾಡಿಸ್ಬ್ಯಾಡಿ. ಏನಾದ್ರೂ ಆದ್ರೆ ನಮ್ಮಿಬ್ರಿಗೂ ಜೈಲು."

ಕತ್ತಿ ಹಿಡಿದವನನ್ನು ಅಲುಗಿಸಬಾರದು ಎನ್ನುವುದು ಅಂಗಡಿಯ ಮಾತು, ಚಿಕ್ಕ ಮಕ್ಕಳಿಗೂ ಗೊತ್ತು. ಗೌಡರ ಕೈ ಅಲ್ಲೇ ನಿಂತಿತು. ಗಂಗುಲಪ್ಪ ಒಂದು ಕಡೆ ಬೋಳಿಸಿದ, ಇನ್ನೊಂದು ಕಡೆ ಬೋಳಿಸಿದ, "ಇನ್ನೂ ಒರಟಾಗದೆ" ಎಂದು ಮತ್ತೆ ನೊರೆ ಹಚ್ಚಿದ. ಮತ್ತೆ ಬೋಳಿಸಿದ. ಮತ್ತೆ ಹಚ್ಚಿದ. ಕತ್ತಿಯನ್ನು ಮಾತ್ರ ಒಮ್ಮೆಯೂ ಮಡಚಲಿಲ್ಲ. ಕೊನೆಗೆ ಕಾಯುತ್ತಿದ್ದ ಮೇಲಿನ ಬೀದಿಯ ಬಯ್ಯಪ್ಪ ಆಕಳಿಸಿ, "ಬಿರ್ರನೆ ಮುಗ್ಸೋ ಗಂಗುಲಪ್ಪ, ಇವನಾದ್ಮೇಲೆ ನಂದು" ಎಂದ. ಅವನು ಯೋಚಿಸಿ ಹೇಳಿದ ಮಾತಲ್ಲ, ಹಸಿವಾಗಿತ್ತೇನೋ. ಆದರೆ ಇವನಾದ ಮೇಲೆ ನನ್ನದು ಅಂದುಬಿಟ್ಟನಲ್ಲ. ಗೌಡರು ಅವನ ಮುಖ ನೋಡಿದರು, ಹೊರಟು ಹೋದರು.

ನಾವು ಇಷ್ಟು ತಿಂಗಳು ಅಹಿಂಸೆ ಅಭ್ಯಾಸ ಮಾಡಿದೆವು. ತಾತನನ್ನು ಕಾಪಾಡಿದ್ದು ಒಂದು ಕತ್ತಿ. ನಗುವುದೋ ಅಳುವುದೋ ಗೊತ್ತಾಗುತ್ತಿಲ್ಲ. ತಾತ ಮಾತ್ರ ಗಲ್ಲ ಸವರಿಕೊಂಡು, "ಮದುವೇಲೂ ಇಷ್ಟು ನುಣ್ಣಗಿರಲಿಲ್ಲ ಕಣಮ್ಮ" ಅನ್ನುತ್ತಿದ್ದಾರೆ. ಅಂಗಡಿಗೆ ಇವತ್ತು ಮತ್ತೆ ಬೀಗ. ಗಂಗುಲಪ್ಪ ಕುರ್ಚಿಯನ್ನು ರಸ್ತೆ ಪಕ್ಕದ ಹೊಂಗೆ ಮರದಡಿ ಹಾಕಿಕೊಂಡಿದ್ದಾನೆ. ಅದು ಯಾರಪ್ಪನ ಕಟ್ಟಡವೂ ಅಲ್ಲ.

ಇನ್ನೊಂದು ವಿಷಯ. ಇದನ್ನು ನೀವು ನನ್ನಿಂದಲೇ ಕೇಳಬೇಕು. ನಿಮ್ಮ ತಮ್ಮನವರ ಮೇಲೆ ಇವತ್ತು ಅಟ್ರಾಸಿಟಿ ಕೇಸು ಕೊಟ್ಟೆವು. ನೀವು ಕ್ಷಮಿಸಿ ಅನ್ನಬಹುದು. ತಿರುಗಿ ಹೊಡೆಯದೇ ಇದ್ದದ್ದು ಜಗನ್ ಮಾಡಿದ ಕೆಲಸ. ಹೊಡೆದದ್ದಕ್ಕೆ ಉತ್ತರ ಹೇಳಬೇಕಾದದ್ದು ಹೊಡೆದವರ ಕೆಲಸ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಅವರು ಸ್ಟೇಷನ್ನಿನಲ್ಲಿ ಹೇಳಿದ್ದು ಹೀಗೆ: ಇವರು ಬರುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ, ಸರದಿಗಾಗಿ ಜಗಳವಾಯಿತು, ಕೋಪದಲ್ಲಿ ಕೈ ತಗುಲಿತು. ಡೇರಿಯ ಹತ್ತಿರ ಅವರ ಮಾತು ಕೇಳಿದವರೆಲ್ಲ ಈಗ ಕೇಳಿಲ್ಲ ಅನ್ನುತ್ತಿದ್ದಾರೆ. ಅಕ್ಟೋಬರ್ 9ರ ಬುಧವಾರ ಚಿಂತಾಮಣಿಯಿಂದ ಡಿವೈಎಸ್‌ಪಿ ಬಂದು ಹೇಳಿಕೆ ತೆಗೆದುಕೊಳ್ಳುತ್ತಾರೆ. ನಮ್ಮ ಪರವಾಗಿ ಹೇಳುವವರು ನಾವೇ.

ನಿಮ್ಮಿಂದ ಏನೂ ಕೇಳುತ್ತಿಲ್ಲ.

ಸಂಘಮಿತ್ರ


ಗೌರಿಬಿದನೂರು
26 ಸೆಪ್ಟೆಂಬರ್ 2024

ಮಗೂ ಸಂಘಮಿತ್ರ,

ನಿನ್ನ ಕಾಗದ ಮಧ್ಯಾಹ್ನ ಬಂತು. ಅದಕ್ಕಿಂತ ಮೊದಲು, ಬೆಳಿಗ್ಗೆಯೇ ಚನ್ನಕೇಶವ ಬಂದಿದ್ದ. ಹೆಂಡತಿಯನ್ನೂ ಕರೆತಂದಿದ್ದ. ಹಣ್ಣು, ಹೂವು, ಅರಿಶಿನ ಕುಂಕುಮ, ಹಸಿರು ರೇಷ್ಮೆ ಸೀರೆ. "ಹಬ್ಬಕ್ಕೆ ಬರಕ್ಕಾಗ್ಲಿಲ್ಲ ಅಕ್ಕಾ, ತಪ್ಪು ತಿಳ್ಕೋಬೇಡ" ಎಂದ. ನನಗೆ ಅಳುವೇ ಬಂದುಬಿಟ್ಟಿತು. ಒತ್ತುಶಾವಿಗೆ ಮಾಡಿ ಬಡಿಸಿದೆ. ಹುಡುಗನಿದ್ದಾಗ ತಿನ್ನುತ್ತಿದ್ದ ಹಾಗೆಯೇ ತಿಂದ.

ಕೈ ತೊಳೆದ ಮೇಲೆ ನನ್ನ ಕಿವಿಯ ಹತ್ತಿರ ಬಂದು ಹೇಳಿದ: "ಯಾರಾದ್ರೂ ಕೇಳಿದ್ರೆ ನೀನು ಕಾಗದ ಬರೆದೇ ಇಲ್ಲ ಅನ್ನಕ್ಕಾ. ಅಷ್ಟು ಸಾಕು." ನಾನು ಮಾತಾಡಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಜೋರಾಗಿ ಹೇಳಿದ. ಮೊದಲ ಸಲವೇ ಚೆನ್ನಾಗಿ ಕೇಳಿಸಿತ್ತು. ನಾನು ಸುಮ್ಮನಿದ್ದದ್ದನ್ನು ಒಪ್ಪಿಗೆ ಅಂದುಕೊಂಡು ಕಾಲಿಗೆ ನಮಸ್ಕಾರ ಮಾಡಿ ಹೋದ. ಸೀರೆ ಮೇಜಿನ ಮೇಲೆಯೇ ಇದೆ, ಮಡಿಕೆ ಬಿಚ್ಚಿಲ್ಲ.

ನಿನ್ನ ಕಾಗದದಲ್ಲಿ ಜಗನ್ ತುಟಿ ಒಡೆಯಿತು ಎಂದು ಓದಿದೆ. ಕ್ಷಮಿಸಿ ಎಂದು ಹೇಳುವವಳು ನಾನಲ್ಲ, ಆ ಕೆನ್ನೆ ನನ್ನದಲ್ಲ.

ನಾನು ಹೇಳಿಕೆ ಕೊಡುತ್ತೇನೆ. ಆಗಸ್ಟ್ 4ರ ವಿಷಯ ಅವನಿಗೆ ಬರೆದವಳು ನಾನೇ. ಇವರೆಲ್ಲ ಬಂದು ಕೂರಲಿದ್ದಾರೆ ಎಂದು ಅವನಿಗೆ ತಿಂಗಳುಗಳ ಹಿಂದೆಯೇ ಗೊತ್ತಿತ್ತು. ಬರೆಯಲೇ ಇಲ್ಲ ಅನ್ನು ಎಂದು ನನ್ನ ಮನೆಗೇ ಬಂದು ಕೇಳಿಕೊಂಡ. ಇಷ್ಟನ್ನೂ ಹೇಳುತ್ತೇನೆ. ಅದಾದ ಮೇಲೆ ಆ ಮನೆಯ ಹೊಸ್ತಿಲು ನನಗಿಲ್ಲ, ಅದೂ ಗೊತ್ತು. "ಊರಿಗೆ ಉಪಕಾರಿ, ಮನೆಗೆ ಮಾರಿ" ಅನ್ನುತ್ತಾರೆ. ಅನ್ನಲಿ.

ಒಂದೇ ಪ್ರಶ್ನೆ. ಹೋದ ಸಲ ನಿಮ್ಮನ್ನು ಕೇಳದೆ ತಿಳಿಸಿದೆ. ಈ ಸಲ ಕೇಳುತ್ತೇನೆ: ನಾನು ಬರುವುದನ್ನು ಚನ್ನಕೇಶವನಿಗೆ ಮೊದಲೇ ತಿಳಿಸಲೋ, ಬೇಡವೋ? ತಿಳಿಸಿದರೆ ಅವನು ಬಂದು ನನ್ನ ಕಾಲು ಹಿಡಿದು ಅಳುತ್ತಾನೆ. ಅವನು ಹೊಡೆದರೂ ತಡೆದುಕೊಂಡೇನು. ಆ ಅಳುವನ್ನು ತಡೆದುಕೊಳ್ಳುವ ಶಕ್ತಿ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ನೀವೆಲ್ಲ ಸೇರಿ ಹೇಳಿ.

ವೆಂಕಟರತ್ನಮ್ಮ


ಸೊಣ್ಣಪ್ಪನಕುಂಟೆ
30 ಸೆಪ್ಟೆಂಬರ್ 2024

ಅಮ್ಮಾ,

ನಿಮ್ಮ ಕಾಗದವನ್ನು ನಿನ್ನೆ ಭವನದಲ್ಲಿ ಗಟ್ಟಿಯಾಗಿ ಓದಿದೆ. ಜಗನ್ "ಹೇಳ್ಬೇಡಿ ಅನ್ನಕ್ಕಾ, ಬಸ್‌ಸ್ಟ್ಯಾಂಡಲ್ಲೇ ತಡೀತಾರೆ" ಅಂದ. ಇನ್ನಿಬ್ಬರೂ ಹಾಗೇ ಅಂದರು. ಮುನಿಶಾಮಮ್ಮಜ್ಜಿ "ಆ ತಾಯಿ ಕರುಳು ಏನಾಯ್ತದೋ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆವುಲಪ್ಪ ತಾತ ಕೊನೆಗೆ ಹೇಳಿದರು: "ನಾನು ಹೇಳಿ ಹೋದೆ. ಅವರೂ ಹೇಳೇ ಬರ್ಲಿ. ತಮ್ಮ ಅಲ್ವಾ, ಹಿಂದಿನಿಂದ ಬಂದ್ರೆ ಚೆನ್ನಾಗಿರಲ್ಲ." ಅದಕ್ಕೆ ಎಲ್ಲರೂ ಒಪ್ಪಿದೆವು. ತಿಳಿಸಿ ಬನ್ನಿ.

ಆದರೆ ತಿಳಿಸುವುದಕ್ಕೆ ಮೊದಲು ಈ ಭಾನುವಾರ ಅಭ್ಯಾಸಕ್ಕೆ ಬನ್ನಿ. ಹೊಡೆದರೆ ಏನು ಮಾಡಬೇಕೆಂದು ನಾವು ಕಲಿತಿದ್ದೇವೆ. ಕಾಲು ಹಿಡಿದು ಅತ್ತರೆ ಏನು ಮಾಡಬೇಕೆಂದು ಯಾರೂ ಅಭ್ಯಾಸ ಮಾಡಿಲ್ಲ, ನೀವೂ ಕಲಿಸಿಲ್ಲ. ನಿಮ್ಮ ತಮ್ಮನ ಪಾತ್ರಕ್ಕೆ ಯಾರೆಂದು ಕೇಳಿದಾಗ ಜಗನ್ ಕೈ ಎತ್ತಿದ. ತುಟಿಯ ಹೊಲಿಗೆ ಇನ್ನೂ ಬಿಚ್ಚಿಲ್ಲ. "ನಾನು ಮಾಡ್ತೀನಿ. ಆದ್ರೆ ಕಾಲ್ ಹಿಡಿಯಲ್ಲ, ನಮ್ಮವರು ಹಿಡಿದಿದ್ದು ಸಾಕು. ನಿಂತ್ಕೊಂಡೇ ಅಳ್ತೀನಿ" ಅಂದ.

ಬೆಳಗಿನ ಬಸ್ಸಿಗೇ ಬನ್ನಿ, ಮೂರು ಸಲವಾದರೂ ಮಾಡಬೇಕು. ಅವನು ಚೆನ್ನಾಗಿಯೇ ಅಳುತ್ತಾನೆ, ಅಕ್ಕಾ ಅಕ್ಕಾ ಎಂದು ಕರೆಯುತ್ತಾನೆ. ನೀವು ಕುರ್ಚಿ ಹಿಡಿದು ಕೂತಿರಬೇಕು. ಏಳಬಾರದು.

ನಿಮ್ಮ,
ಸಂಘಮಿತ್ರ